ನೆರಳನ್ನು ಓದುವವರು



ನಮ್ಮ ಮಾತನ್ನು ಈಗ ನಿಮ್ಮ ಮನೆಗೆ ತರುತ್ತಿರುವ ಅಲೆಗಳು ಕಣ್ಣಿಗೆ ಕಾಣತಕ್ಕವಲ್ಲ. ಅವು ಗೋಡೆಗಳನ್ನು ದಾಟಿ ಬರುತ್ತವೆ. ಯಂತ್ರವೊಂದು ಹಿಡಿದು ಮಾತಾಗಿ ಮಾರ್ಪಡಿಸುವವರೆಗೆ ಅವು ಬಂದುದೇ ನಮಗೆ ತಿಳಿಯದು. ಇದೇ ಕುಲಕ್ಕೆ ಸೇರಿದ, ಆದರೆ ಇವುಗಳಿಗಿಂತ ಕೋಟ್ಯಂತರ ಪಾಲು ಗಿಡ್ಡವಾದ ಇನ್ನೊಂದು ಬಗೆಯ ಅಲೆಗಳುಂಟು. ಅವು ನಮ್ಮ ಮೈಯನ್ನೇ ಹೊಕ್ಕು ಆಚೆಗೆ ಹೊರಡುತ್ತವೆ. 1895ನೆಯ ಇಸವಿ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬುರ್ಗ್ ಪಟ್ಟಣದ ಪ್ರಾಧ್ಯಾಪಕ ರಂಟ್ಜೆನ್ನನು ಅವನ್ನು ಗುರುತಿಸಿದನು. ಇವು ಏನೆಂಬುದು ತನಗೆ ಗೊತ್ತಿಲ್ಲವೆಂಬುದನ್ನು ಹೆಸರಿನಲ್ಲಿಯೇ ಒಪ್ಪಿಕೊಂಡು, ಗೊತ್ತಿಲ್ಲದ ಸಂಖ್ಯೆಗೆ ಗಣಿತಜ್ಞರು ಇಡುವ ಅಕ್ಷರವನ್ನೇ ಇವಕ್ಕೂ ಇಟ್ಟನು. ನಾವು ಕನ್ನಡದಲ್ಲಿ ಕ್ಷ-ಕಿರಣಗಳೆಂದೆವು. ಆ ವರ್ಷದ ಡಿಸೆಂಬರ್ 22ರಂದು ತನ್ನ ಹೆಂಡತಿಯ ಕೈಯ ಮೂಳೆಗಳನ್ನೂ ಬೆರಳಿನ ಉಂಗುರವನ್ನೂ ಅವನು ಚಿತ್ರಿಸಿದನು. 1901ರಲ್ಲಿ ಭೌತಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು. ಈ ಶೋಧದ ಮೇಲೆ ಹಕ್ಕುಪತ್ರವನ್ನು ಪಡೆದು ಹಣ ಗಳಿಸಲು ಆತನು ಒಪ್ಪಲಿಲ್ಲವೆಂಬುದು ನೆನಪಿಡತಕ್ಕ ಮಾತು.

ಆದರೆ ಇಂದು ನಾವು ಹೇಳಬೇಕೆಂದಿರುವುದು ಕಿರಣದ ವಿಷಯವನ್ನಲ್ಲ, ಅದು ಬರೆದ ಚಿತ್ರವನ್ನು ಓದುವವರ ವಿಷಯವನ್ನು. ಆಸ್ಪತ್ರೆಗೆ ಹೋದವರಿಗೆ ವೈದ್ಯರ ಪರಿಚಯವಾಗುತ್ತದೆ, ದಾದಿಯರ ಪರಿಚಯವಾಗುತ್ತದೆ; “ಉಸಿರೆಳೆದು ಹಿಡಿಯಿರಿ” ಎಂದು ಹೇಳಿ ಯಂತ್ರ ನಡೆಯಿಸುವಾತನ ಮುಖವೂ ನೆನಪಿನಲ್ಲಿ ಉಳಿಯಬಹುದು. ಚಿತ್ರವನ್ನು ಓದುವ ತಜ್ಞರಾದರೋ ಒಳಗಿನ ಕತ್ತಲೆಯ ಕೋಣೆಯಲ್ಲಿ ಕುಳಿತಿರುತ್ತಾರೆ. ಅವರ ಹೆಸರು ವರದಿಯ ಕೆಳಗಿನ ಒಂದು ರುಜುವಾಗಿ ಮಾತ್ರ ನಮಗೆ ಗೊತ್ತು.

ಎದೆಯ ಚಿತ್ರವೆಂದರೇನು? ಅದೊಂದು ನೆರಳು. ಗಾಳಿಯ ಮೂಲಕ ಕಿರಣಗಳು ಸುಲಭವಾಗಿ ಹಾಯುತ್ತವೆ. ಆದುದರಿಂದ ಆರೋಗ್ಯವಾದ ಶ್ವಾಸಕೋಶ ಕಪ್ಪಾಗಿ ಕಾಣುತ್ತದೆ. ಮೂಳೆ ತಡೆಯುತ್ತದೆ, ಅದು ಬೆಳ್ಳಗೆ. ರಕ್ತ, ಕೀವು, ನೀರು ಇವು ನಡುವಿನ ಬೂದುಬಣ್ಣ. ತೊಗಲುಗೊಂಬೆಯಾಟದಲ್ಲಿ ಮುಂದಿನ ಗೊಂಬೆಯೂ ಹಿಂದಿನ ಗೊಂಬೆಯೂ ಒಂದೇ ಪರದೆಯ ಮೇಲೆ ಬೀಳುವಂತೆ, ಇಲ್ಲಿಯೂ ಎದೆಯ ಮುಂದು ಹಿಂದುಗಳೆಲ್ಲ ಒಂದೇ ಹಾಳೆಯ ಮೇಲೆ ಕೂಡಿಬೀಳುತ್ತವೆ. ಹೃದಯದ ಹಿಂದೆ ಅಡಗಿದ ಮಚ್ಚೆಯನ್ನು ಕಾಣುವುದು, ಪಕ್ಕೆಲುಬುಗಳೆರಡು ಹಾಯ್ದ ಕಡೆಯ ಬಿಳುಪನ್ನು ರೋಗವೆಂದು ಭ್ರಮಿಸದಿರುವುದು, ಇದು ವರ್ಷಗಟ್ಟಲೆ ನೋಡಿದ ಕಣ್ಣಿಗೆ ಮಾತ್ರ ಸಾಧ್ಯ. ಅದಕ್ಕಿಂತಲೂ ಕಠಿನವಾದುದು ಇನ್ನೊಂದುಂಟು: ಹಲವು ರೋಗಗಳು ಒಂದೇ ಬಗೆಯ ನೆರಳನ್ನು ಬೀಳಿಸುತ್ತವೆ. ಆದಕಾರಣ ಒಳ್ಳೆಯ ತಜ್ಞನು “ಇದೇ” ಎನ್ನುವುದಕ್ಕಿಂತ ಹೆಚ್ಚಾಗಿ “ಇದಿರಬಹುದು, ಇದನ್ನು ಪರೀಕ್ಷಿಸಿ ನೋಡಿ” ಎನ್ನುತ್ತಾನೆ. ಅವನ ಸಂಕೋಚ ಅಜ್ಞಾನವಲ್ಲ. ಅದು ಅವನ ವಿದ್ಯೆಯ ಭಾಗ.

ಈ ಪಾಠವನ್ನು ನಮ್ಮ ನಾಡು ಕ್ಷಯರೋಗದಿಂದ ಕಲಿತಿತು. 1882ನೆಯ ಇಸವಿ ಮಾರ್ಚ್ 24ರಂದು ಕೋಖನು ಕ್ಷಯದ ರೋಗಾಣುವನ್ನು ಲೋಕಕ್ಕೆ ತೋರಿಸಿದನು. ಆದರೆ ಔಷಧ ದೊರೆಯಲು ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ನಡುವೆ ಉಳಿದಿದ್ದ ಉಪಾಯವೆಂದರೆ ಒಳ್ಳೆಯ ಗಾಳಿ, ಒಳ್ಳೆಯ ಊಟ ಮತ್ತು ವಿಶ್ರಾಂತಿ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆರೋಗ್ಯಧಾಮ 1921ರಲ್ಲಿ ಹುಟ್ಟಿದುದು ಈ ಕಾಲದಲ್ಲಿಯೇ. ಮುಂದೆ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಅಲ್ಲಿಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎದೆಯ ಸಣ್ಣ ಚಿತ್ರಗಳನ್ನು ತೆಗೆದು, ಕಫವನ್ನು ಪರೀಕ್ಷಿಸಿ, ರೋಗಿಗಳೊಡನೆ ಮಾತನಾಡಿ ಕಂಡುಕೊಂಡುದೇನು? ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಮ್ಮುತ್ತ ತಾವಾಗಿಯೇ ವೈದ್ಯರ ಬಾಗಿಲಿಗೆ ಹೋಗಿದ್ದರು. ಅವರನ್ನು ಗುರುತಿಸಲು ಊರೂರಿಗೆ ಯಂತ್ರದ ಬಂಡಿ ಹೋಗಬೇಕಾಗಿರಲಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಕಫವನ್ನು ನೋಡಿದ್ದರೆ ಸಾಕಾಗಿತ್ತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಈ ತಿಳಿವಳಿಕೆ ತಳಹದಿಯಾಯಿತು.

ಹಾಗೆಂದು ಚಿತ್ರ ಬೇಡವೆಂದು ತಿಳಿಯಬಾರದು. 2019ರಿಂದ 2021ರವರೆಗೆ ದೇಶದಾದ್ಯಂತ ನಡೆದ ಕ್ಷಯದ ಸಮೀಕ್ಷೆಯಲ್ಲಿ, ಎದೆಯ ಚಿತ್ರವನ್ನು ತೆಗೆಯದೆ ಇದ್ದಿದ್ದರೆ ನೂರಕ್ಕೆ 42ಕ್ಕಿಂತ ಹೆಚ್ಚು ರೋಗಿಗಳು ತಪ್ಪಿಹೋಗುತ್ತಿದ್ದರೆಂದು ಕಂಡುಬಂದಿತು. ಕೆಮ್ಮೂ ಜ್ವರವೂ ಇಲ್ಲದ ಎದೆಯಲ್ಲಿಯೂ ರೋಗವಿರಬಹುದು. ನೆರಳು ಸಂಶಯಪಡಲು ಕಲಿಸುತ್ತದೆ, ಕಫ ನಿರ್ಣಯ ಹೇಳುತ್ತದೆ. ಒಂದು ಇನ್ನೊಂದಕ್ಕೆ ಬದಲಲ್ಲ.

ಇನ್ನು ಮಹಾಮಾರಿಯ ಮಾತು. 1918ರ ಇನ್‌ಫ್ಲುಯೆಂಜಾ ಹಿಂದೂದೇಶದಲ್ಲಿ ಒಂದು ಕೋಟಿಗೂ ಮಿಕ್ಕಿದ ಜನರನ್ನು ಒಯ್ದಿತು. ಕ್ಷ-ಕಿರಣಗಳಿಗೆ ಆಗ ಇಪ್ಪತ್ತಮೂರು ವರ್ಷ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದ ರೈತನ ಎದೆಯನ್ನು ನೋಡಲು ಅವು ಬರಲಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಸ್ಥಿತಿ ಬೇರೆಯಾಗಿತ್ತು. ಮಾರ್ಚ್ ತಿಂಗಳಲ್ಲಿ ಜಿಲ್ಲೆಯ ಮೊದಲ ರೋಗಿಗಳು ಭಟ್ಕಳದಲ್ಲಿ ಕಂಡುಬಂದರು. ಅವರಲ್ಲಿ ಹಲವರಿಗೆ ಕಾರವಾರದ ನೌಕಾದಳದ ಪತಂಜಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. ಆ ಬಳಿಕ ಕಾರವಾರದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಈ ಭಾರವನ್ನು ಹೊತ್ತಿತು. ಕಾಳಿ ನದಿಯ ಈಚೆಗಿನ ಜನ ದೊಡ್ಡ ಕಾಯಿಲೆಗೆ ಗೋವೆಗೆ ಹೋಗುವುದು ರೂಢಿ. ಗಡಿ ಮುಚ್ಚಿದಾಗ ಆ ದಾರಿ ಕಟ್ಟಿತು. ಹುಬ್ಬಳ್ಳಿಯಾಗಲಿ ಮಣಿಪಾಲವಾಗಲಿ ಕಾರವಾರದಿಂದ ನೂರೈವತ್ತು ಕಿಲೋಮೀಟರಿಗೂ ದೂರ. ಇದ್ದಲ್ಲಿಯೇ ಇದ್ದುದರಿಂದ ನಿರ್ವಹಿಸಬೇಕಾಯಿತು.

ಆಗ ಚಿತ್ರ ತೆಗೆಯುವವರೂ ಓದುವವರೂ ಮಾಡಿದುದೇನೆಂಬುದನ್ನು ಜನರು ಅಷ್ಟಾಗಿ ಅರಿಯರು. ರೋಗಿಯನ್ನು ಯಂತ್ರದ ಬಳಿಗೆ ಒಯ್ಯಲಾಗದಾಗ ಗಾಲಿಗಳ ಮೇಲಿನ ಯಂತ್ರವನ್ನು ಹಾಸಿಗೆಯ ಬಳಿಗೆ ತಳ್ಳಿಕೊಂಡು ಹೋಗುತ್ತಿದ್ದರು. ಮೈತುಂಬ ರಕ್ಷಣೆಯ ಉಡುಪು, ಕರಾವಳಿಯ ಸೆಕೆ; ಒಂದೊಂದು ಚಿತ್ರವಾದ ಮೇಲೂ ಯಂತ್ರವನ್ನೆಲ್ಲ ಒರೆಸಿ ಶುದ್ಧಿ ಮಾಡಬೇಕು. ರೋಗವು ಶ್ವಾಸಕೋಶದ ಎಷ್ಟು ಭಾಗವನ್ನು ಆವರಿಸಿದೆ, ನಿನ್ನೆಗಿಂತ ಇಂದು ಹೆಚ್ಚಿದೆಯೆ, ಗಾಳಿ ಸೋರಿ ಎದೆಯ ಗೂಡಿನಲ್ಲಿ ತುಂಬಿಕೊಂಡಿದೆಯೆ, ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆಯೆ, ಈ ಪ್ರಶ್ನೆಗಳಿಗೆ ಉತ್ತರ ಆ ಕತ್ತಲೆಯ ಕೋಣೆಯಿಂದ ಬರಬೇಕಾಗಿತ್ತು. 2021ರಲ್ಲಿ ಕಪ್ಪು ಶಿಲೀಂಧ್ರವೆಂಬ ಇನ್ನೊಂದು ಪೀಡೆ ಮೂಗಿನಿಂದ ಕಣ್ಣಿನತ್ತ ಹಬ್ಬತೊಡಗಿದಾಗ, ಶಸ್ತ್ರವೈದ್ಯರಿಗೆ ಅದರ ಎಲ್ಲೆಯನ್ನು ತೋರಿಸಿದವರೂ ಅವರೇ.

ಅದೇ ವರ್ಷ ಜನರಲ್ಲಿ ಮತ್ತೊಂದು ಜ್ವರ ಹುಟ್ಟಿತು. ಅದು ಸ್ಕ್ಯಾನಿನ ಜ್ವರ. ಇಂಗ್ಲೆಂಡಿನ ಹೌನ್ಸ್‌ಫೀಲ್ಡನ ಯಂತ್ರದಿಂದ 1971ರಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ಚಿತ್ರ ತೆಗೆಯಲಾಯಿತು, ರೊಟ್ಟಿಯನ್ನು ಹೋಳು ಹೋಳಾಗಿ ಕೊಯ್ದು ನೋಡಿದಂತೆ ಅದು ಶರೀರವನ್ನು ತೋರಿಸುತ್ತದೆ. ತಜ್ಞರು ಶ್ವಾಸಕೋಶದ ಐದು ಹಾಲೆಗಳಿಗೆ ತಲಾ 5 ಅಂಕಗಳಂತೆ ಒಟ್ಟು 25ಕ್ಕೆ ಒಂದು ಲೆಕ್ಕವನ್ನು ಇಟ್ಟುಕೊಂಡರು. ಇದು ವೈದ್ಯರು ತಮ್ಮೊಳಗೆ ಮಾತನಾಡಿಕೊಳ್ಳುವ ಅನುಕೂಲಕ್ಕೆ. ಜನರು ಅದನ್ನು ಪರೀಕ್ಷೆಯ ಅಂಕಪಟ್ಟಿಯಂತೆ ಹಿಡಿದುಕೊಂಡರು. ಜ್ವರ ಬಂದ ಮರುದಿನವೇ ಸ್ಕ್ಯಾನು ಮಾಡಿಸಿ, ಚಿತ್ರ ಶುಭ್ರವಾಗಿದೆಯೆಂದು ನಾಲ್ಕು ಮನೆ ತಿರುಗಿದವರುಂಟು. ಮೊದಲ ದಿನಗಳಲ್ಲಿ ರೋಗವಿದ್ದರೂ ಚಿತ್ರದಲ್ಲಿ ಕಾಣದಿರಬಹುದೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಕಿರಣದ ಅಪಾಯದ ವಿಚಾರವಾಗಿಯೂ ಗೊಂದಲವಾಯಿತು. ಒಂದು ಸ್ಕ್ಯಾನು ಮುನ್ನೂರು ನಾನೂರು ಎದೆಯ ಚಿತ್ರಗಳಿಗೆ ಸಮವೆಂದು ದೆಹಲಿಯ ಏಮ್ಸ್ ಆಸ್ಪತ್ರೆಯ ನಿರ್ದೇಶಕರು 2021ರ ಮೇ ತಿಂಗಳಲ್ಲಿ ಎಚ್ಚರಿಸಿದರು. ಇಂದಿನ ಯಂತ್ರಗಳಿಗೆ ಆ ಲೆಕ್ಕ ಹೊಂದದೆಂದು ಕ್ಷ-ಕಿರಣ ತಜ್ಞರ ಸಂಘ ಪ್ರತಿಯಾಡಿತು. ಸಾಧಾರಣವಾಗಿ ಹೇಳುವುದಾದರೆ, ಭೂಮಿಯಿಂದಲೂ ಆಕಾಶದಿಂದಲೂ ಸಹಜವಾಗಿ ನಮ್ಮ ಮೇಲೆ ಬೀಳುವ ವಿಕಿರಣ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್. ಎದೆಯ ಒಂದು ಚಿತ್ರದಿಂದ ಬೀಳುವುದು ಹೆಚ್ಚೆಂದರೆ ಅದರ ಇಪ್ಪತ್ತನಾಲ್ಕರಲ್ಲೊಂದು ಪಾಲು. ಎದೆಯ ಸಾಮಾನ್ಯ ಸ್ಕ್ಯಾನಿನಿಂದ ಎರಡು ಮೂರು ವರ್ಷಗಳಷ್ಟು. ಕೈಗಾದ ಅಣು ವಿದ್ಯುತ್ ಸ್ಥಾವರವನ್ನು ಪಕ್ಕದಲ್ಲಿಟ್ಟುಕೊಂಡಿರುವ ಕಾರವಾರದವರಿಗೆ ವಿಕಿರಣದ ಚರ್ಚೆ ಹೊಸದಲ್ಲ. ಆ ಸ್ಥಾವರದ ಮೇಲೆ ಕಣ್ಣಿಡುವ ಅಣುಶಕ್ತಿ ನಿಯಂತ್ರಣ ಮಂಡಲಿಯೇ ಊರಿನ ಎಕ್ಸ್‌ರೇ ಯಂತ್ರದ ಮೇಲೂ ಕಣ್ಣಿಡುತ್ತದೆಯೆಂಬುದನ್ನು ಮಾತ್ರ ಬಲ್ಲವರು ಕಡಮೆ. ಅವಶ್ಯವಿದ್ದಾಗ ಹೆದರಬಾರದು, ಅವಶ್ಯವಿಲ್ಲದಾಗ ಕೇಳಿ ಮಾಡಿಸಿಕೊಳ್ಳಬಾರದು.

ಈಗ ನಮಗೆ ತಿಳಿದ ಒಂದು ಸಂಗತಿಯನ್ನು ಹೇಳುತ್ತೇವೆ. ಅಂಕೋಲೆಯಲ್ಲಿ ನಮ್ಮ ಹಿರಿಯರೊಬ್ಬರಿದ್ದಾರೆ; ಶಾಲಾಮಾಸ್ತರರಾಗಿ ನಿವೃತ್ತರಾದವರು. 2021ರ ಮೇ ತಿಂಗಳಲ್ಲಿ ಅವರಿಗೆ ಕೋವಿಡ್ ತಗುಲಿ, ರಕ್ತದ ಆಮ್ಲಜನಕ 90ಕ್ಕೆ ಇಳಿದು, ಆಸ್ಪತ್ರೆಗೆ ಸೇರಬೇಕಾಯಿತು. ಅಂತಹ ರೋಗಿಗಳಿಗೆ ಸ್ಟೀರಾಯ್ಡ್ ಔಷಧದಿಂದ ಪ್ರಾಣ ಉಳಿಯುವುದೆಂದು ಹಿಂದಿನ ವರ್ಷವೇ ಸಿದ್ಧವಾಗಿತ್ತು. ಆದರೆ ಅವರ ಚಿತ್ರವನ್ನು ಓದಿದ ತಜ್ಞರು, ಕೋವಿಡ್ಡಿನ ನೆರಳುಗಳಲ್ಲದೆ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಬೇರೊಂದು ಗಂಟುಗಂಟಾದ ಗುರುತಿದೆ, ಇದು ಹಳೆಯದೋ ಹೊಸದೋ ತಿಳಿಯಬೇಕು ಎಂದು ಬರೆದರು. ಸ್ಟೀರಾಯ್ಡ್ ಮಲಗಿರುವ ಕ್ಷಯವನ್ನು ಎಬ್ಬಿಸಬಲ್ಲುದು, ಪ್ರಶ್ನೆ ಸಣ್ಣದಲ್ಲ.

ವಾರ್ಡಿನ ವೈದ್ಯರು, “ಮಾಸ್ತರರೇ, ಹಿಂದೆ ಎಂದಾದರೂ ನಿಮಗೆ ಎದೆಯ ಬೇನೆ ಇತ್ತೇ?” ಎಂದು ಕೇಳಿದರು. ಇಲ್ಲವೆಂದರು. ಪಕ್ಕದ ಹಾಸಿಗೆಯಲ್ಲಿ ಅವರ ಊರಿನವನೇ ಮಲಗಿದ್ದನು. ಅಂದು ರಾತ್ರಿ ಅವರು ಹೆಂಡತಿಗೆ ದೂರವಾಣಿ ಮಾಡಿ, ಟ್ರಂಕಿನ ಅಡಿಯಲ್ಲಿ ಶಾಲೆಯ ಕಾಗದಪತ್ರಗಳ ಕೆಳಗೆ ಒಂದು ಹಳೆಯ ಲಕೋಟೆಯಿದೆ, ಅದನ್ನು ಕಳುಹಿಸು ಎಂದರು. ಮದುವೆಗೆ ಮುಂಚೆ ಅವರು ಕ್ಷಯಕ್ಕೆ ಔಷಧ ತೆಗೆದುಕೊಂಡು ಗುಣವಾಗಿದ್ದರು; ಹೆಣ್ಣು ಕೊಡುವವರು ಹಿಂಜರಿದಾರೆಂದು ಮುಚ್ಚಿಟ್ಟುದು ಮೂವತ್ತು ವರ್ಷವಾದರೂ ಹಾಗೆಯೇ ಉಳಿದಿತ್ತು. ಆಕೆ, “ಅದು ಅಲ್ಲಿರುವುದು ನನಗೆ ಗೊತ್ತು” ಎಂದಷ್ಟೆ ಹೇಳಿದರಂತೆ. ಮಗನು ಬೆಳಗಾಗುವ ಮುನ್ನವೇ ಬೈಕಿನ ಮೇಲೆ ಲಕೋಟೆಯನ್ನು ಕಾರವಾರಕ್ಕೆ ಮುಟ್ಟಿಸಿದನು. ಹಳೆಯ ಫಿಲ್ಮನ್ನೂ ಹೊಸ ಚಿತ್ರವನ್ನೂ ಜೊತೆಯಾಗಿ ನೋಡಿದ ತಜ್ಞರು, ಗುರುತು ಅಂದಿನಂತೆಯೇ ಇದೆ, ಬೆಳೆದಿಲ್ಲ ಎಂದರು. ಕಫದ ಪರೀಕ್ಷೆಯಲ್ಲಿಯೂ ರೋಗಾಣು ಕಾಣಲಿಲ್ಲ. ಔಷಧ ನಿಶ್ಚಿಂತೆಯಿಂದ ನಡೆಯಿತು. ಮಾಸ್ತರರು ಮನೆಗೆ ಬಂದರು. ಈ ಸಂಗತಿಯನ್ನು ಹೇಳಲು ಅವರೇ ನಮಗೆ ಅನುಮತಿ ಕೊಟ್ಟಿದ್ದಾರೆ. ತಜ್ಞರ ಮುಖವನ್ನು ಅವರು ಇಂದಿಗೂ ನೋಡಿಲ್ಲ.

ಇತ್ತೀಚೆಗೆ ಚಿತ್ರಗಳು ತಂತಿಯ ಮೂಲಕ ಕ್ಷಣಮಾತ್ರದಲ್ಲಿ ದೂರದ ತಜ್ಞರಿಗೆ ಮುಟ್ಟುತ್ತವೆ. 2024ನೆಯ ಇಸವಿ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಆಗಸ್ಟ್ 7ರಂದು ಕಾಳಿಯ ಹಳೆಯ ಸೇತುವೆ ಬಿದ್ದಿತು. ಇಂತಹ ನಾಡಿನಲ್ಲಿ ರೋಗಿ ಹೋಗಲಾರದ ಕಡೆಗೆ ಚಿತ್ರವಾದರೂ ಹೋಗುವುದು ದೊಡ್ಡ ಉಪಕಾರ. ಎದೆಯ ಚಿತ್ರದಲ್ಲಿ ಕ್ಷಯದ ಸುಳಿವನ್ನು ಗಣಕಯಂತ್ರವೇ ಹುಡುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2021ರಲ್ಲಿ ಒಪ್ಪಿದೆ. ಇದೆಲ್ಲ ಸ್ವಾಗತಾರ್ಹ. ಆದರೆ ಮಾಸ್ತರರ ಟ್ರಂಕಿನಲ್ಲಿ ಇನ್ನೊಂದು ಚಿತ್ರವಿರಬಹುದೆಂದು ಊಹಿಸಿ, ವೈದ್ಯರಿಂದ ಕೇಳಿಸಿ, ಕಾಯುವ ಕೆಲಸ ಮನುಷ್ಯನದು. ಅಂತಹವರು ಜಿಲ್ಲೆಯ ಊರುಗಳಲ್ಲಿಯೇ ಇರಬೇಕೆಂದು ಕೇಳುವುದು ದುರಾಸೆಯಲ್ಲ.

ಕಡೆಗೆ, ಕೇಳುತ್ತಿರುವವರಲ್ಲಿ ಮೂರು ವಿನಂತಿಗಳು. ಹಳೆಯ ಎದೆಯ ಚಿತ್ರಗಳನ್ನು ವರದಿಯೊಡನೆ ಜೋಪಾನವಾಗಿಡಿ. ಗ್ರಹಣ ನೋಡಲು ಅವನ್ನು ಹೊರತೆಗೆಯಬೇಡಿ, ಅವು ಕಣ್ಣನ್ನು ಕಾಯಲಾರವು. ಎರಡು ವಾರ ಮೀರಿದ ಕೆಮ್ಮನ್ನು ಕಡೆಗಣಿಸಬೇಡಿ. ಹಿಂದಿನ ರೋಗವನ್ನು ವೈದ್ಯರಿಂದ ಮರೆಮಾಡಬೇಡಿ. ನಾಲಗೆ ಮುಚ್ಚಿಟ್ಟುದನ್ನು ಎದೆ ಮುಚ್ಚಿಡುವುದಿಲ್ಲ.