ಹೊತ್ತಿಗೆ ಸರಿಯಾಗಿ ಬರುವ ಉತ್ತರ
(ಗಾವಡಗೆರೆಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯ ಭಾಷಣ)



ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಮಕ್ಕಳಿಗೆ ಮುಂದೇನು ಎಂದು ಪೋಷಕರು ನಮ್ಮನ್ನು ಕೇಳುತ್ತಿರುತ್ತಾರೆ. ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಕೆಲಸದ ಬಗ್ಗೆ ಇವತ್ತು ಹೇಳುತ್ತೇವೆ.

ನಮ್ಮ ಕಡೆ ಬ್ಯಾರನ್‌ನಲ್ಲಿ ಹೊಗೆಸೊಪ್ಪು ಬೇಯಿಸುವುದನ್ನು ನೀವೆಲ್ಲ ನೋಡಿದ್ದೀರಿ. ಒಲೆ ನೋಡುವವನು ಎಷ್ಟೇ ಜಾಣನಿರಲಿ, ಶಾಖ ಏರಿಸುವುದು ತಡವಾದರೆ ಸೊಪ್ಪು ಕೆಡುತ್ತದೆ. ಕಾರ್ಖಾನೆಯ ಯಂತ್ರ, ಆಸ್ಪತ್ರೆಯ ಉಪಕರಣಗಳ ಒಳಗಿರುವ ಸಣ್ಣ ಕಂಪ್ಯೂಟರಿಗೂ ಇದೇ ನಿಯಮ. ಉತ್ತರ ಸರಿಯಿದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಬರಬೇಕು. ಹೀಗೆ ಹೊತ್ತು ಕಾಯುವ ತಂತ್ರಾಂಶಕ್ಕೆ ರಿಯಲ್‌ಟೈಮ್ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. 1987ರಲ್ಲಿ ಬಂದ ವಿಎಕ್ಸ್‌ವರ್ಕ್ಸ್ ಅವುಗಳಲ್ಲಿ ಹೆಸರಾದದ್ದು.

ಅಂಥ ಹಳೆಯ ಪ್ರೋಗ್ರಾಮುಗಳನ್ನು ಲಿನಕ್ಸ್‌ಗೆ ಒಗ್ಗಿಸುವುದೇ ಪೋರ್ಟಿಂಗ್. ಲಿನಕ್ಸ್‌ಗೆ ಲೈಸೆನ್ಸ್ ಶುಲ್ಕವಿಲ್ಲ, ಅದರ ಒಳಗನ್ನು ಯಾರು ಬೇಕಾದರೂ ಓದಬಹುದು. ಸಣ್ಣ ಸಾಧನಗಳಲ್ಲಿ ಲಿನಕ್ಸ್ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರರೂ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಲಿನಕ್ಸ್ ಮೇಲೆಯೇ ನಡೆಯುತ್ತಿತ್ತು. 2004ರಲ್ಲಿ ಬಿಇಎಲ್ ತಯಾರಿಸಿದ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಹೊತ್ತು ತಪ್ಪದಂತೆ ಲಿನಕ್ಸ್ ಅನ್ನು ತಿದ್ದುವ ಪ್ರಿಎಂಪ್ಟ್ ಆರ್‌ಟಿ ಎಂಬ ಕೆಲಸ ಸುಮಾರು ಇಪ್ಪತ್ತು ವರ್ಷ ನಡೆದು, 2024ರಲ್ಲಿ 6.12ನೇ ಆವೃತ್ತಿಯ ಹೊತ್ತಿಗೆ ಮೂಲ ಲಿನಕ್ಸ್‌ಗೆ ಸೇರಿತು.

ಆದರೆ ಹಳೆಯದನ್ನು ನೋಡಿ ನಕಲು ಮಾಡಿದರೆ ಕೆಲಸ ಕೆಡುತ್ತದೆ. ವಿಎಕ್ಸ್‌ವರ್ಕ್ಸ್‌ನಲ್ಲಿ 0 ಎಂದರೆ ಎಲ್ಲಕ್ಕಿಂತ ತುರ್ತು, 255 ಕೊನೆ. ಲಿನಕ್ಸ್‌ನ ರಿಯಲ್‌ಟೈಮ್ ಕ್ರಮದಲ್ಲಿ 99 ಎಲ್ಲಕ್ಕಿಂತ ತುರ್ತು, 1 ಕೊನೆ. ಅಂಕಿ ಹಾಗೇ ಇಳಿಸಿಕೊಂಡರೆ ಸರದಿಯೇ ತಲೆಕೆಳಗು.

1997ರಲ್ಲಿ ಮಂಗಳ ಗ್ರಹದ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ತಾನಾಗಿ ರೀಸೆಟ್ ಆಗುತ್ತಿತ್ತು. ಅದರಲ್ಲಿದ್ದದ್ದೂ ವಿಎಕ್ಸ್‌ವರ್ಕ್ಸ್. ತುರ್ತಿಲ್ಲದ ಕೆಲಸವೊಂದು ಬೀಗ ಹಿಡಿದು ಕೂತಿತ್ತು, ತುರ್ತಿನ ಕೆಲಸ ಅದಕ್ಕಾಗಿ ಕಾಯುತ್ತಿತ್ತು, ನಡುವಿನವು ನುಗ್ಗುತ್ತಿದ್ದವು. ಬೀಗ ಹಿಡಿದವನಿಗೆ ಆ ಹೊತ್ತಿಗೆ ಮಾತ್ರ ಮೇಲಿನವನ ಸರದಿ ಕೊಡುವ ಏರ್ಪಾಡನ್ನು ಭೂಮಿಯಿಂದಲೇ ಚಾಲೂ ಮಾಡಿ ಸರಿಪಡಿಸಿದರು. ಲಿನಕ್ಸ್‌ನಲ್ಲೂ ಆ ಏರ್ಪಾಡನ್ನು ಪ್ರೋಗ್ರಾಮ್ ಬರೆಯುವವರೇ ಕೇಳಿ ಪಡೆಯಬೇಕು.

ಪರೀಕ್ಷೆ ಮಾಡುವಾಗಲೂ ಸರಾಸರಿ ನೋಡಿ ಸಮಾಧಾನಪಡುವಂತಿಲ್ಲ. ತರಗತಿಯ ಸರಾಸರಿ ಎಪ್ಪತ್ತಿದ್ದರೂ ಕೊನೆಯ ಬೆಂಚಿನ ಒಂದು ಮಗು ನಪಾಸಾಗಿರಬಹುದು. ಇಲ್ಲಿ ಅಳೆಯಬೇಕಾದದ್ದು ಅತಿ ಹೆಚ್ಚು ತಡವಾದ ಆ ಒಂದು ಸಲವನ್ನೇ.

ಮಕ್ಕಳೇ, ಸಿ ಭಾಷೆಯನ್ನು ಗಟ್ಟಿ ಮಾಡಿಕೊಳ್ಳಿ. ಪೋಷಕರೇ, ಲಿನಕ್ಸ್ ಕಲಿಯಲು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಸಾಕು. ಹೆಣ್ಣುಮಕ್ಕಳನ್ನು ಡಿಪ್ಲೊಮಾಕ್ಕೇ ನಿಲ್ಲಿಸಬೇಡಿ, ಈ ಕೆಲಸ ಕೇಳುವುದು ತಾಳ್ಮೆಯನ್ನು. ದಾನಿಗಳೇ, ನೀವು ಕೊಡುವ ಫೀಸಿನಿಂದ ಮಗು ತರಗತಿಯಲ್ಲಿ ಕೂರುತ್ತದೆ. ಕೈಯಲ್ಲಿ ಒಂದು ಸಣ್ಣ ಬೋರ್ಡ್ ಇದ್ದರೆ ಕಸುಬೂ ಕಲಿಯುತ್ತದೆ. ಅರ್ಜಿ ನೋಡುವಾಗ ಆ ಖರ್ಚನ್ನೂ ಫೀಸಿನ ಜೊತೆಗೇ ಎಣಿಸಬೇಕೆಂದು ಕೇಳಿಕೊಳ್ಳುತ್ತೇವೆ. ವರ್ಷ ಕಳೆದ ಮೇಲೆ ಬರುವ ನೆರವು ಆ ಮಗುವಿಗೆ ತಡವಾದ ಉತ್ತರವೇ.