ಪುಪ್ಪುಸಾರ್ಬುದದ ಆದಿಯೂ ಮೂಕಪ್ರಾಣಿಗಳ ಋಣವೂ

(ಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಶರಣಮತದಲ್ಲಿ ಕಾಯವು ತುಚ್ಛವಸ್ತುವಲ್ಲ. ಇಷ್ಟಲಿಂಗವನ್ನು ಧರಿಸುವ ಪವಿತ್ರಕ್ಷೇತ್ರವದು. ಆ ಲಿಂಗವು ನೆಲಸಿರುವ ಎದೆಯ ಒಳಗೆ, ಎಡಬಲಗಳಲ್ಲಿ, ಹಗಲಿರುಳೆನ್ನದೆ ಉಸಿರನ್ನು ಒಳಕ್ಕೆಳೆದು ಹೊರಕ್ಕೆ ಬಿಡುತ್ತಿರುವ ಎರಡು ಪುಪ್ಪುಸಗಳಿರುವುವಷ್ಟೆ. ಇವುಗಳಲ್ಲಿ ಹುಟ್ಟುವ ಅರ್ಬುದರೋಗವು, ಎಂದರೆ ಜನರು ಕ್ಯಾನ್ಸರ್ ಎಂದು ಕರೆಯುವ ವ್ಯಾಧಿಯು, ಹೇಗೆ ಮೊದಲಾಗುತ್ತದೆ? ಅದರ ಆದಿಯನ್ನು ತಿಳಿಯಲು ವಿದ್ವಾಂಸರು ಇಲಿಗಳೇ ಮೊದಲಾದ ಮೂಕಪ್ರಾಣಿಗಳನ್ನು ಏತಕ್ಕೆ ಆಶ್ರಯಿಸಿದರು? ದಯೆಯನ್ನೇ ಧರ್ಮದ ಬೇರೆಂದು ಭಾವಿಸುವ ಭಕ್ತರು ಇದನ್ನು ಹೇಗೆ ತಿಳಿಯತಕ್ಕದ್ದು? ಈ ಮೂರು ಪ್ರಶ್ನೆಗಳೇ ಇಂದಿನ ವಿಚಾರ.

ಅರ್ಬುದವೆಂಬ ಹೆಸರು ಹೊಸದಲ್ಲ. ಅದು ದುಂಡಗೆ, ಕದಲದೆ, ಆಳವಾದ ಬೇರುಳ್ಳದ್ದಾಗಿ, ನಿಧಾನವಾಗಿ ಬೆಳೆಯುವುದೆಂದೂ, ಕೀವುಗಟ್ಟುವುದಿಲ್ಲವೆಂದೂ ಸುಶ್ರುತನು ವರ್ಣಿಸಿರುವನು. ಒಂದರ ಮೇಲೆ ಮತ್ತೊಂದು ಹುಟ್ಟಿದರೆ ಅದಕ್ಕೆ ಅಧ್ಯರ್ಬುದವೆಂದು ಹೆಸರು. ಆದರೆ ಕಣ್ಣಿಗೂ ಕೈಗೂ ಸಿಕ್ಕುವ ಗಂಟಿನ ಮಾತು ಬೇರೆ. ಎಲುಬಿನ ಗೂಡಿನೊಳಗೆ ಅಡಗಿ, ನೋವನ್ನೂ ಕೊಡದೆ ಬೆಳೆಯುವ ಗಂಟಿನ ಮಾತು ಬೇರೆ. ಪುಪ್ಪುಸದ ಒಳಮಾಂಸಕ್ಕೆ ನೋವನ್ನು ಅರಿಯುವ ನರಗಳಿಲ್ಲವಾದ ಕಾರಣ ರೋಗವು ಬಹುಕಾಲ ಮೌನವಾಗಿಯೇ ಇರುತ್ತದೆ. ಕೆಮ್ಮಿನಲ್ಲಿ ರಕ್ತ ಕಾಣಿಸಿ, ಮೈಯಿಳಿದು, ಉಸಿರು ಕಟ್ಟಿ ರೋಗಿಯು ವೈದ್ಯನ ಬಳಿಗೆ ಬರುವ ವೇಳೆಗೆ ಅನೇಕ ವೇಳೆ ಶಸ್ತ್ರಚಿಕಿತ್ಸೆಯ ಕಾಲವು ಮೀರಿಹೋಗಿರುತ್ತದೆ.

ಜಯನಗರದಿಂದಲೋ ಬಿ.ಟಿ.ಎಂ. ಬಡಾವಣೆಯಿಂದಲೋ ಡೇರಿ ವೃತ್ತವನ್ನು ಹಾದುಹೋಗುವವರು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯನ್ನು ನೋಡದೆ ಇರರು. ಕೇಂದ್ರದ ಮಂತ್ರಿಗಳಾಗಿದ್ದು 1954ರಲ್ಲಿ ದಿವಂಗತರಾದ ರಫಿ ಅಹಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಅದು ಸ್ಥಾಪಿತವಾಯಿತು. 1982ರಿಂದ ಬೆಂಗಳೂರಿನ ಅರ್ಬುದರೋಗಿಗಳ ಲೆಕ್ಕವು ಅಲ್ಲಿ ಬರೆಯಲ್ಪಡುತ್ತಿದೆ. ಮುಂಬಯಿ ಮತ್ತು ಮದರಾಸುಗಳೊಡನೆ ಈ ದೇಶದ ರಾಷ್ಟ್ರೀಯ ದಾಖಲೆಯಲ್ಲಿ ಮೊದಲು ಸೇರಿದ ನಗರಗಳಲ್ಲಿ ಬೆಂಗಳೂರೂ ಒಂದು. ಅದರ ಅಂಗಳದಲ್ಲಿ ನಾಡಿನ ಮೂಲೆಮೂಲೆಗಳಿಂದ ಬಂದು, ಬುತ್ತಿಯ ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗಿರುವ ರೋಗಿಗಳ ಬಂಧುಗಳನ್ನು ಕಂಡವರಿಗೆ "ಇದನ್ನು ಮೊದಲೇ ತಿಳಿಯಬಾರದಿತ್ತೇ?" ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುವುದು. ಆದರೆ ದಾಖಲೆಯು ರೋಗದ ಅಂತ್ಯವನ್ನು ಹೇಳಬಲ್ಲುದೇ ಹೊರತು ಆದಿಯನ್ನು ಹೇಳಲಾರದು. ಆದಿಯನ್ನು ಅರಿಯಬೇಕಾದರೆ ಬೀಜವು ಬಿದ್ದ ದಿನದಿಂದ ನೋಡುತ್ತಿರಬೇಕು. ಮನುಷ್ಯನಲ್ಲಿ ಅದು ಅಸಾಧ್ಯ. ಏಕೆಂದರೆ ಬೀಜವು ಬಿದ್ದ ದಿನ ಯಾವುದೆಂದು ಆತನಿಗೇ ತಿಳಿಯದು, ಮೊಳಕೆಯು ಮರವಾಗಲು ಎರಡು ಮೂರು ದಶಕಗಳೇ ಹಿಡಿಯಬಹುದು. ಇಲಿಯ ಆಯುಸ್ಸಾದರೋ ಎರಡು ಮೂರು ವರ್ಷ. ಮನುಷ್ಯನಲ್ಲಿ ದಶಕಗಳು ಹಿಡಿಯುವ ಕಥೆ ಅದರಲ್ಲಿ ಕೆಲವು ತಿಂಗಳುಗಳಲ್ಲಿ ಮುಗಿಯುತ್ತದೆ.

ಈ ಮಾರ್ಗದ ಇತಿಹಾಸವು ಸ್ವಾರಸ್ಯವುಳ್ಳದ್ದು. 1775ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಎಂಬವನು ಹೊಗೆಗೂಡು ಗುಡಿಸುವವರಿಗೆ ಬರುವ ಅರ್ಬುದಕ್ಕೆ ಮಸಿಯೇ ಕಾರಣವೆಂದನು. 1915ರಲ್ಲಿ ಜಪಾನಿನ ಯಮಗಿವ ಮತ್ತು ಇಚಿಕಾವ ಎಂಬ ಪಂಡಿತರು ಮೊಲಗಳ ಕಿವಿಗೆ ತಿಂಗಳಾನುಗಟ್ಟಲೆ ಕಲ್ಲಿದ್ದಲಿನ ಡಾಂಬರನ್ನು ಹಚ್ಚಿ ಅರ್ಬುದವನ್ನು ಪ್ರತ್ಯಕ್ಷವಾಗಿ ತೋರಿಸಿದರು. 1943ರಲ್ಲಿ ಅಮೆರಿಕೆಯ ನೆಟಲ್‌ಶಿಪ್ ಮತ್ತು ಹೆನ್‌ಷಾ ಎಂಬವರು ಪ್ರಾಣಿಗಳಿಗೆ ಅರಿವಳಿಕೆಯಾಗಿ ಬಳಸುತ್ತಿದ್ದ ಯುರೆಥೇನ್ ಎಂಬ ದ್ರವ್ಯದಿಂದಲೇ ಇಲಿಗಳ ಪುಪ್ಪುಸದಲ್ಲಿ ಗಂಟುಗಳು ಹುಟ್ಟುವುದನ್ನು ಪ್ರಕಟಿಸಿದರು. ಅಂದಿನಿಂದ ಪುಪ್ಪುಸಾರ್ಬುದದ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸುವುದು ಶಕ್ಯವಾಯಿತು. ಮೊದಲು ಕೆಲವು ಜೀವಕೋಶಗಳು ಬೇಕಾದುದಕ್ಕಿಂತ ಹೆಚ್ಚಾಗಿ ವೃದ್ಧಿಯಾಗುವುವು. ಬಳಿಕ ಅವು ಸಣ್ಣ ಗಂಟಾಗುವುವು, ಆದರೆ ಇನ್ನೂ ಎಲ್ಲೆಯನ್ನು ಮೀರವು. ಕಡೆಗೆ ಎಲ್ಲೆಯನ್ನು ಮುರಿದು, ರಕ್ತದೊಡನೆ ಹರಿದು, ದೂರದ ಅಂಗಗಳಲ್ಲಿ ಬೇರೂರುವುವು. 2001ರಲ್ಲಿ ಕೆ-ರಾಸ್ ಎಂಬ ಒಂದೇ ವಂಶವಾಹಿಯ ದೋಷವನ್ನು ಇಲಿಯ ಪುಪ್ಪುಸದಲ್ಲಿ, ಬೇಕಾದ ದಿನವೇ, ಎಚ್ಚರಿಸುವ ಉಪಾಯವು ಸಿದ್ಧಿಸಿತು. ಆಗ ಬೀಜ ಬಿದ್ದ ದಿನವೇ ನಿಶ್ಚಯವಾಗಿ ತಿಳಿದಂತಾಯಿತು.

ಇದರ ಪರಮಪ್ರಯೋಜನವು 2023ರಲ್ಲಿ ಕಂಡುಬಂದಿತು. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಚಾರ್ಲ್ಸ್ ಸ್ವಾಂಟನ್ ಮತ್ತು ಅವರ ಸಹಪಂಡಿತರು 295 ಮಂದಿಯ ಪುಪ್ಪುಸದ ಆರೋಗ್ಯಭಾಗಗಳನ್ನು ಪರೀಕ್ಷಿಸಲು, ನೂರಕ್ಕೆ 18ರಲ್ಲಿ ಇ.ಜಿ.ಎಫ್.ಆರ್. ಎಂಬ ವಂಶವಾಹಿಯ ದೋಷವೂ ನೂರಕ್ಕೆ 53ರಲ್ಲಿ ಕೆ-ರಾಸ್ ದೋಷವೂ ಆಗಲೇ ಇದ್ದುವು. ಹಾಗಾದರೆ ಬೀಜವಿದ್ದವರೆಲ್ಲರಿಗೂ ರೋಗವೇಕಿಲ್ಲ? ಉತ್ತರವನ್ನು ಇಲಿಗಳು ಕೊಟ್ಟುವು. ದೋಷವನ್ನು ಹೊತ್ತ ಇಲಿಗಳಿಗೆ ವಾಹನಾದಿಗಳ ಹೊಗೆಯಲ್ಲಿರುವ ಅತಿಸೂಕ್ಷ್ಮ ಧೂಳನ್ನು ಸೋಂಕಿಸಲು, ಪುಪ್ಪುಸದ ಕಾವಲುಕೋಶಗಳು ಕೆರಳಿ ಇಂಟರ್‌ಲ್ಯೂಕಿನ್ ಎಂಬ ಉರಿಯೂತದ ದ್ರವ್ಯವನ್ನು ಸ್ರವಿಸಿದುವು. ಅದರಿಂದ ಮಲಗಿದ್ದ ಬೀಜವು ಎದ್ದಿತು. ಆ ದ್ರವ್ಯವನ್ನು ತಡೆದಾಗ ಗಂಟುಗಳು ಕಡಮೆಯಾದುವು. ಬೀಜವು ಒಂದು, ಗೊಬ್ಬರವು ಮತ್ತೊಂದು ಎಂಬ ಈ ತತ್ತ್ವವು, ಸಿಲ್ಕ್ ಬೋರ್ಡಿನ ಕೂಡುರಸ್ತೆಯಲ್ಲಿ ಬೆಳಗು ಬೈಗು ನಿಂತು ಹೊಗೆಯನ್ನುಣ್ಣುವ ಬೆಂಗಳೂರಿನ ಜನಕ್ಕೆ ಎಷ್ಟು ಸಂಬಂಧಪಟ್ಟದ್ದೆಂದು ಹೇಳಬೇಕಾದುದಿಲ್ಲ.

ಆದರೆ ಇಲಿಯು ಮನುಷ್ಯನಲ್ಲ. ಬಾಳಿನುದ್ದಕ್ಕೂ ತಂಬಾಕಿನ ಹೊಗೆಯನ್ನು ಉಸಿರಾಡಿದ ಇಲಿಗಳಲ್ಲಿ ಮನುಷ್ಯರಲ್ಲಿ ಕಾಣುವಷ್ಟು ಅರ್ಬುದಗಳು ಕಾಣಲಿಲ್ಲ. ತಂಬಾಕಿನ ವ್ಯಾಪಾರಿಗಳು ಇದನ್ನೇ ಹಿಡಿದುಕೊಂಡು ಬಹುಕಾಲ ವಾದಿಸಿದರು. ಸತ್ಯವನ್ನು ಸ್ಥಾಪಿಸಿದುದು 1950ರಲ್ಲಿ ಡಾಲ್ ಮತ್ತು ಹಿಲ್ ಎಂಬವರು ರೋಗಿಗಳನ್ನೇ ವಿಚಾರಿಸಿ ಬರೆದ ಲೆಕ್ಕ. ಪ್ರಾಣಿಯನ್ನು ಕೇಳಿದುದನ್ನು ಮನುಷ್ಯನಲ್ಲಿ ನೋಡಬೇಕು, ಮನುಷ್ಯನಲ್ಲಿ ಕಂಡುದನ್ನು ಪ್ರಾಣಿಯಲ್ಲಿ ವಿಮರ್ಶಿಸಬೇಕು. 1994ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಫಿನ್ಲೆಂಡಿನ ಧೂಮಪಾನಿಗಳಿಗೆ ಗಜ್ಜರಿಯಲ್ಲಿರುವ ಬೀಟಾ ಕೆರೊಟಿನ್ ಸತ್ತ್ವವನ್ನು ಗುಳಿಗೆಯಾಗಿ ಕೊಡಲು, ರೋಗವು ಇಳಿಯುವ ಬದಲು ನೂರಕ್ಕೆ 18ರಷ್ಟು ಏರಿತು. ಹೊಗೆ ಮತ್ತು ಅತಿಯಾದ ಆ ಸತ್ತ್ವ ಸೇರಿದರೆ ಪುಪ್ಪುಸದ ಕೋಶಗಳು ಕೆಡುವುವೆಂಬುದನ್ನು 1999ರಲ್ಲಿ ಫೆರೆಟ್ ಎಂಬ, ಮುಂಗುಸಿಯಂಥ ಮೈಕಟ್ಟಿನ ಪ್ರಾಣಿಯು ತೋರಿಸಿಕೊಟ್ಟಿತು.

ಇಲ್ಲಿ ಪೂರ್ವಪಕ್ಷವೊಂದುಂಟು. "ಒಂದು ಜೀವವನ್ನು ನೋಯಿಸಿ ಮತ್ತೊಂದು ಜೀವವನ್ನು ಉಳಿಸುವುದು ಧರ್ಮವೇ? ಇಲಿಯು ತನ್ನ ಒಪ್ಪಿಗೆಯನ್ನು ಕೊಟ್ಟಿದೆಯೇ?" ಎಂದು ಭಕ್ತನು ಕೇಳಿದರೆ ಆ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಲಾಗದು. ಬಲಿಗೆಂದು ತಂದ ಪಶುವಿಗಾಗಿ ಮರುಗಿದ ಬಸವಣ್ಣನವರ ಪರಂಪರೆಯಲ್ಲಿ ಬಂದವರಿಗೆ ಇದು ಸಹಜವೇ ಸರಿ.

ಸಿದ್ಧಾಂತವು ಹೀಗೆ: ಇದು ಪುಣ್ಯಕಾರ್ಯವೆಂದು ಯಾರೂ ಹೇಳತಕ್ಕದ್ದಲ್ಲ, ಇದು ಋಣ. ಋಣವೆಂದು ತಿಳಿದವನು ಅಗತ್ಯಕ್ಕಿಂತ ಹೆಚ್ಚು ಕೊಳ್ಳನು. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬವರು ಮೂರು ನಿಯಮಗಳನ್ನು ವಿಧಿಸಿದರು: ಪ್ರಾಣಿಯಿಲ್ಲದೆ ಆಗುವುದಾದರೆ ಪ್ರಾಣಿಯನ್ನು ಬಿಡತಕ್ಕದ್ದು, ಬೇಕೇ ಬೇಕಾದರೆ ಸಂಖ್ಯೆಯನ್ನು ಇಳಿಸತಕ್ಕದ್ದು, ನೋವನ್ನು ಆದಷ್ಟು ಕಡಮೆ ಮಾಡತಕ್ಕದ್ದು. ಈ ದೇಶದಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣೆಯ ಶಾಸನವಾಯಿತು. ಅದರ ಪ್ರಕಾರ ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯುಂಟು. 1998ರ ನಿಯಮಗಳಂತೆ ಪ್ರಯೋಗ ಮಾಡುವ ಸಂಸ್ಥೆಗಳು ನೋಂದಣಿಯಾಗಿ ಅನುಮತಿ ಪಡೆಯಬೇಕು. ಮನುಷ್ಯರ ಕೋಶಗಳನ್ನೇ ಗಾಜಿನ ಪಾತ್ರೆಯಲ್ಲಿ ಬೆಳೆಸಿ ಪರೀಕ್ಷಿಸುವ ಕ್ರಮವೂ ಈಚೆಗೆ ಬೆಳೆಯುತ್ತಿದೆ. ಅದು ಬೆಳೆದಷ್ಟೂ ಈ ಋಣವು ಹಗುರವಾಗುವುದು.

ಋಣವನ್ನು ತೀರಿಸುವ ಭಾರವು ಪಂಡಿತರೊಬ್ಬರದೇ ಅಲ್ಲ. ಆದಿಯಲ್ಲಿಯೇ ರೋಗವನ್ನು ಹಿಡಿದರೆ ಪ್ರಾಣ ಉಳಿಯುವುದೆಂಬುದು ಬರಿಯ ಆಶೆಯಲ್ಲ. 2011ರಲ್ಲಿ ಪ್ರಕಟವಾದಂತೆ, ಅಮೆರಿಕೆಯಲ್ಲಿ ಐವತ್ತುಮೂರು ಸಾವಿರಕ್ಕೂ ಮಿಕ್ಕ ಧೂಮಪಾನಿಗಳನ್ನೂ ಅದನ್ನು ಬಿಟ್ಟವರನ್ನೂ ಪರೀಕ್ಷಿಸಿದಾಗ, ಅಲ್ಪಕಿರಣದ ಸಿ.ಟಿ. ಚಿತ್ರ ತೆಗೆಸಿಕೊಂಡವರಲ್ಲಿ ಪುಪ್ಪುಸಾರ್ಬುದದ ಮರಣವು ಸಾಮಾನ್ಯ ಎಕ್ಸ್‌ರೇ ತೆಗೆಸಿಕೊಂಡವರಿಗಿಂತ ನೂರಕ್ಕೆ 20ರಷ್ಟು ಕಡಮೆಯಾಯಿತು. ಆದುದರಿಂದ ಬಹುಕಾಲ ಬೀಡಿ ಸಿಗರೇಟು ಸೇದಿದವರು ವೈದ್ಯರ ಸಲಹೆಯನ್ನು ಕೇಳತಕ್ಕದ್ದು. ಮೂರು ವಾರ ಮೀರಿದ ಕೆಮ್ಮನ್ನೂ ಕಫದಲ್ಲಿಯ ರಕ್ತವನ್ನೂ ಅಲಕ್ಷ್ಯ ಮಾಡಲಾಗದು.

ಮಠದ ಪ್ರಸಾದನಿಲಯದಲ್ಲಿ ಅನ್ನದ ಅಗುಳೊಂದು ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ಭಕ್ತನು, ಹೊರಗೆ ಬಂದು ಬೀಡಿಯನ್ನು ಹಚ್ಚಿದರೆ, ಆ ಮೂಕಪ್ರಾಣಿಗಳು ತಮ್ಮ ಪ್ರಾಣವನ್ನಿತ್ತು ತಿಳಿಸಿದ ಮಾತನ್ನು ನೆಲಕ್ಕೆ ಚೆಲ್ಲಿದಂತಾಗುವುದು. ಬೀಡಿಯನ್ನು ಬಿಟ್ಟ ಒಬ್ಬೊಬ್ಬನೂ ಆ ಋಣದ ಒಂದಂಶವನ್ನು ತೀರಿಸಿದವನೇ ಸರಿ. ದಯೆಯು ಕಣ್ಣೀರಿನಲ್ಲಿ ಮುಗಿಯದೆ ಆಚಾರವಾಗಿ ನಿಲ್ಲಲಿ. ಸಕಲ ಜೀವರಿಗೂ ಉಸಿರು ನಿರ್ಮಲವಾಗಲಿ.