ಹಳ್ಳವೇ ಹಳ್ಳ ಹಿಡಿದರೆ



ಕೈಗೊಂಡ ಕೆಲಸ ಕೆಟ್ಟುಹೋದರೆ ‘ಹಳ್ಳ ಹಿಡಿಯಿತು’ ಎನ್ನುವುದು ನಮ್ಮಲ್ಲಿ ವಾಡಿಕೆ. ಹಳ್ಳವೇ ಹಳ್ಳ ಹಿಡಿದರೆ ಏನೆನ್ನಬೇಕೆಂದು ನಮ್ಮ ಹಿರಿಯರು ಯೋಚಿಸಿರಲಾರರು. ಆ ಯೋಚನೆ ನಮ್ಮ ಪಾಲಿಗೆ ಬಂದಿದೆ.

ಯಾದಗಿರಿ ತಾಲ್ಲೂಕಿನ ರಾಮಸಮುದ್ರ ಕಡಲಿನಿಂದ ಬಹುದೂರ. ಆದರೂ ಹೆಸರಿನಲ್ಲಿ ಸಮುದ್ರವುಂಟು. ಬುಕ್ಕರಾಯಸಮುದ್ರ, ವ್ಯಾಸಸಮುದ್ರ ಎಂಬ ಹೆಸರುಗಳನ್ನು ನೀವು ಕೇಳಿದ್ದೀರಿ. ಮಳೆಯ ನೀರಿಗೆ ಒಡ್ಡು ಕಟ್ಟಿ ನಿಲ್ಲಿಸಿದ ಕೆರೆಯನ್ನು ನಮ್ಮವರು ಸಮುದ್ರವೆಂದೂ ಸಾಗರವೆಂದೂ ಕರೆದರು. ಇದು ಅತಿಶಯೋಕ್ತಿಯೆಂದು ಅಲಂಕಾರಶಾಸ್ತ್ರ ಹೇಳೀತು. ನಮ್ಮ ಸೀಮೆಯ ಬೇಸಗೆಯನ್ನು ಕಂಡವರು ಹಾಗೆ ಹೇಳಲಾರರು.

ನನ್ನ ಬಾಲ್ಯದಲ್ಲಿ ಈ ಸೀಮೆಯ ಹಳ್ಳಗಳು ಚೈತ್ರದ ಹೊತ್ತಿಗೆ ಬರಿಯ ಉಸುಕಿನಂತೆ ತೋರುತ್ತಿದ್ದವು. ಮೊಳಕೈ ಆಳ ತೋಡಿದರೆ ತಿಳಿನೀರು ಒಸರುತ್ತಿತ್ತು. ಅದನ್ನು ವರತಿ ಎನ್ನುತ್ತಿದ್ದೆವು. ಹೆಣ್ಣುಮಕ್ಕಳು ತಂಬಿಗೆಯಿಂದ ಮೊಗೆದು ಕೊಡ ತುಂಬಿಕೊಳ್ಳುತ್ತಿದ್ದರು. ಮುಂಗಾರಿನಲ್ಲಿ ಬಯಲು ಕುಡಿದ ನೀರೇ ಬೇಸಗೆಯಲ್ಲಿ ವರತಿಯಾಗಿ ಕಾಣಿಸಿಕೊಳ್ಳುತ್ತಿತ್ತು. ಇಂದು ಹಲವೆಡೆ ಅದೇ ಉಸುಕನ್ನು ತೋಡಿದರೆ ಪ್ಲಾಸ್ಟಿಕ್ ಚೀಲ ಸಿಗುತ್ತದೆ, ಕಪ್ಪು ರಾಡಿ ಸಿಗುತ್ತದೆ.

ಇದರ ಲೆಕ್ಕ ಸರಳವಾದುದು. 30 ಅಡಿ ಅಗಲ, 40 ಅಡಿ ಉದ್ದದ ಒಂದು ನಿವೇಶನದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 1,100 ಲೀಟರ್ ನೀರಾಗುತ್ತದೆ. ನೆಲ ತೆರೆದಿದ್ದರೆ ಅದರಲ್ಲಿ ಬಹುಪಾಲನ್ನು ಮಣ್ಣು ಕುಡಿಯುತ್ತದೆ. ಮಾಳಿಗೆ, ಅಂಗಳ, ಓಣಿ ಎಲ್ಲಕ್ಕೂ ಸಿಮೆಂಟು ಬಳಿದಿದ್ದರೆ ನೀರು ಗಳಿಗೆಯೊಳಗೆ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ ನುಗ್ಗುತ್ತದೆ. ಇಂಥ ನೂರು ನಿವೇಶನಗಳಾದರೆ ಒಂದು ಲಕ್ಷ ಲೀಟರಿಗೂ ಮಿಕ್ಕಿತು. ಆ ರಭಸಕ್ಕೆ ದಂಡೆ ಕುಸಿಯುತ್ತದೆ, ಉಸುಕು ಕೊಚ್ಚಿಹೋಗುತ್ತದೆ. ಓಣಿಯ ಕಸ, ಬಚ್ಚಲ ನೀರು, ಗಾಡಿಗಳ ಎಣ್ಣೆ ಎಲ್ಲವೂ ಜೊತೆಗೆ ಬರುತ್ತವೆ. ಮಳೆಗಾಲದ ನೆರೆಗೂ ಬೇಸಗೆಯ ಬರಕ್ಕೂ ತಾಯಿ ಒಬ್ಬಳೇ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳು ಮುಳುಗಿದಾಗ ರಾಜಕಾಲುವೆಗಳ ಒತ್ತುವರಿಯ ಮಾತು ಎಲ್ಲರ ಬಾಯಲ್ಲೂ ಇತ್ತು. ಸಣ್ಣ ಊರುಗಳು ಅಷ್ಟು ದೂರ ಹೋಗುವ ಮೊದಲೇ ಎಚ್ಚರಗೊಳ್ಳಬಹುದು.

ಆದರೆ ಎಚ್ಚರಗೊಳ್ಳಬೇಕಾದವರು ಯಾರು? ಒಮ್ಮೆ ಒಂದೂರಿನ ಹಳ್ಳದ ವಿಷಯವಾಗಿ ಅರ್ಜಿ ಹಿಡಿದು ಹೋಗಿದ್ದೆ. ಹಳ್ಳ ನಮ್ಮ ಗಡಿಯಾಚೆ ಇದೆ ಎಂದಿತು ಒಂದು ಕಚೇರಿ. ಹೊಲಸು ಪಟ್ಟಣದ್ದು, ನಮಗೇನು ಎಂದಿತು ಇನ್ನೊಂದು. ಅರ್ಜಿ ಕಚೇರಿಯಿಂದ ಕಚೇರಿಗೆ ಹರಿಯಿತು, ಹಳ್ಳ ಹರಿಯಲಿಲ್ಲ.

ಆಗ ನನಗೆ ನೆನಪಾದುದು ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿರುವ 1369ರ ಶಾಸನ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಅಲ್ಲಿ ಅನಂತರಾಜಸಾಗರವೆಂಬ ಕೆರೆಯನ್ನು ಕಟ್ಟಿಸಿದನು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಆ ಶಾಸನ ಎಣಿಸುತ್ತದೆ. ಆ ದೋಷಗಳಲ್ಲಿ ಒಂದು, ಕೆರೆ ಎರಡು ರಾಜ್ಯಗಳ ಗಡಿಯಲ್ಲಿರುವುದು. ಅಂದಿನ ರಾಜ್ಯಗಳ ಜಾಗದಲ್ಲಿ ಇಂದು ಗ್ರಾಮ ಪಂಚಾಯಿತಿ, ನಗರಸಭೆ, ಇಲಾಖೆಗಳನ್ನು ಇಟ್ಟು ನೋಡಿ. ದೋಷ ಅದೇ ಆಗಿ ಉಳಿದಿದೆ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. 1992ರ 73ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೊಂದನೆಯ ಅನುಸೂಚಿ, ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ನೀರಿನ ನಿರ್ವಹಣೆಯನ್ನೂ ಜಲಾನಯನ ಅಭಿವೃದ್ಧಿಯನ್ನೂ ಹೆಸರಿಸಿದೆ. ಅದನ್ನು ಕಾರ್ಯಕ್ಕಿಳಿಸಲು ದೊಡ್ಡ ಬೊಕ್ಕಸವೇ ಬೇಕೆಂದಿಲ್ಲ. ಮೊದಲು, ಗ್ರಾಮನಕ್ಷೆಯಲ್ಲಿ ಹಳ್ಳವೆಂದು ಕಾಣಿಸಿರುವ ಖರಾಬು ಜಮೀನನ್ನು ಅಳೆಯಿಸಿ ಕಲ್ಲು ನೆಡಿಸಬೇಕು. ಅದರ ದಂಡೆಯಲ್ಲಿ ಹುಲ್ಲನ್ನೂ ಮರವನ್ನೂ ಬಿಡಬೇಕು. ಹೊಸ ಬಡಾವಣೆಗೆ ಒಪ್ಪಿಗೆ ನೀಡುವಾಗ ರಸ್ತೆ, ದೀಪಗಳನ್ನು ಕೇಳುವಂತೆ ಇಂಗುಗುಂಡಿ ಎಲ್ಲಿ, ತೆರೆದ ನೆಲ ಎಷ್ಟು ಎಂದೂ ಕೇಳಬೇಕು. ಬಚ್ಚಲ ನೀರು ಮಳೆಯ ಕಾಲುವೆಗೆ ಬೀಳದಂತೆ ಬೇರೆ ದಾರಿ ಮಾಡಬೇಕು. ಕಾಲುವೆ ಹಳ್ಳವನ್ನು ಸೇರುವ ಕಡೆ ಕಸ ತಡೆಯಲು ಜಾಲರಿ, ಹೂಳು ನಿಲ್ಲಲು ಗುಂಡಿ ಇರಬೇಕು. ರೋಹಿಣಿ ಮಳೆಗೆ ಮುನ್ನ ಅವನ್ನು ಬರಿದುಮಾಡಿ, ತೆಗೆದ ಹೂಳನ್ನು ದೂರ ಸಾಗಿಸಬೇಕು. ದಂಡೆಯ ಮೇಲೆಯೇ ರಾಶಿ ಹಾಕಿದ ಹೂಳು ಮೊದಲ ಮಳೆಗೇ ತವರಿಗೆ ಮರಳುತ್ತದೆ.

ಎಲ್ಲಕ್ಕೂ ಮಿಗಿಲಾಗಿ, ಹಳ್ಳ ಹುಟ್ಟುವ ಊರಿನವರೂ ಅದು ಭೀಮೆಗೆ ಬೀಳುವ ಕಡೆಯವರೂ ವರ್ಷಕ್ಕೊಮ್ಮೆಯಾದರೂ ಒಂದೇ ಚಾಪೆಯ ಮೇಲೆ ಕೂಡಬೇಕು. ಮೇಲಿನೂರಿನವರು ಇಂಗಿಸಿದ ನೀರು ಕೆಳಗಿನೂರಿನವರ ಭಾವಿಗೆ ಬರುತ್ತದೆ. ಮೇಲಿನೂರಿನವರು ಚೆಲ್ಲಿದ ಹೊಲಸೂ ಅಲ್ಲಿಗೇ ಬರುತ್ತದೆ. ಗಡಿಯ ಕಲ್ಲು ನೀರಿಗೆ ತಿಳಿಯದು.

ಹಿರಿಯರು ಕೆರೆಯೊಂದಕ್ಕೆ ಸಮುದ್ರವೆಂಬ ಹೆಸರನ್ನು ಕೊಟ್ಟುಹೋದರು. ಮೊಮ್ಮಕ್ಕಳು ಹಳ್ಳದ ಉಸುಕನ್ನು ತೋಡಿದಾಗ ಅಂಗೈಯಗಲ ತಿಳಿನೀರಾದರೂ ಕಾಣುವಂತೆ ನಾವು ಮಾಡಿಹೋಗಬೇಡವೆ?